ನನ್ನ ಮಜ್ಜೆ, ಅವಳ ಕೈ

ದ್ರವ ಇನ್ನೂ ಗುಲಾಬಿಯೇ, ಹಳದಿಗೆ ತಿರುಗಿಲ್ಲ, ಅಂದರೆ ಹೊಟ್ಟೆ ತುಂಬ ತಿಂದಿದ್ದರೂ ತಟ್ಟೆಯನ್ನು ಹೊಲಸು ಮಾಡಿಕೊಂಡಿಲ್ಲ, ಜಾಣ ಮುಂಡೇವು, ಎಂದುಕೊಳ್ಳುತ್ತ ಆಲ್ಬೆನಾ ಪ್ರಯೋಗಾಲಯದ ಪುಟ್ಟ ತಟ್ಟೆಯನ್ನು ತುಸು ಓರೆ ಮಾಡಿ ಹಳೆಯ ದ್ರವವನ್ನು ಅಂಚಿನಿಂದ ಹೀರಿಕೊಂಡಳು, ಅಂಚಿನಿಂದಲೇ, ನಡುವಿನಿಂದ ಹೀರಿದರೆ ತಳಕ್ಕೆ ಅಂಟಿಕೊಂಡ ಕೋಶಗಳು ಕಿತ್ತು ಬರುತ್ತವೆ, ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವಳು ಅವಳೇ, ಕಲಿನಾಗೂ ಹೇಳಿಕೊಟ್ಟವಳು ಅವಳೇ, ಪಿಪೆಟ್ಟಿನ ತುದಿ ಮಗುವಿನ ಬಾಯಿಗೆ ಚಮಚ ಹಿಡಿದ ಹಾಗಿರಬೇಕು ಕಣೇ, ಭರ್ಜಿ ಹಿಡಿದ ಹಾಗಲ್ಲ — ಆಗ ಆ ಹುಡುಗಿ ನಕ್ಕಿತ್ತು, ಗಾಳಿ ಸೋಸುವ ಗಾಜಿನ ಗೂಡಿನೊಳಗೆ ಮೂತಿ ಇಟ್ಟುಕೊಂಡೇ ನಕ್ಕಿತ್ತು, ಗೂಡಿನ ಮುಂದೆ ನಗಬಾರದು, ಉಸಿರಿನಲ್ಲೂ ಬೂಷ್ಟಿನ ಬೀಜ ಇರುತ್ತೆ ಅಂತ ಗದರಿದ್ದಕ್ಕೆ, ಹಾಗಾದ್ರೆ ಉಸಿರಾಡೋದೂ ಬೇಡ್ವಾ ಆಲ್ಬೆನಕ್ಕ, ಮಧ್ಯಾಹ್ನದವರೆಗೂ ಹೀಗೇ ಮೂಗು ಹಿಡ್ಕೊಂಡಿರ್ಲಾ, ಅಂದಿತ್ತು, ಅವತ್ತು ಆಲ್ಬೆನಾಳಿಗೂ ನಗು ತಡೆಯಲಾಗಿರಲಿಲ್ಲ. ಇವತ್ತು ಗೂಡಿನ ಫ್ಯಾನು ಗುಂಯ್ಯೆನ್ನುತ್ತಿದೆ, ಕಿಟಕಿಯಾಚೆ ಆಸ್ಪತ್ರೆಯ ಅಂಗಳದಲ್ಲಿ ಕೊನೆಯ ಹಿಮ ಕೊಳಕಾಗಿ ಕರಗುತ್ತಿದೆ, ಮುಂದಿರುವ ತಟ್ಟೆಗಳು ಅವಳವಲ್ಲ, ಕಲಿನಾಳವು, ಕಲಿನಾ ನಾಲ್ಕು ದಿನದಿಂದ ಸೋಫಿಯಾದಲ್ಲಿದ್ದಾಳೆ, ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ವೆಲಿಕೊವ್ ಜೊತೆ ಮೊದಲು ಯಾವುದೋ ಸಭೆ, ಇವತ್ತು ಮಿಲಾನಿನಿಂದ ಬಂದಿಳಿಯುವ ದೊಡ್ಡ ವಿಜ್ಞಾನಿಗಳನ್ನು ವಿಮಾನ ನಿಲ್ದಾಣದಿಂದ ಇಲ್ಲಿಗೆ, ಪ್ಲೊವ್ದಿವ್‌ಗೆ, ಕಾರಿನಲ್ಲಿ ಕರೆತರುವುದು. ಹೋಗುವಾಗ ಕೆನ್ನೆಗೆ ಮುತ್ತಿಟ್ಟು, ನನ್ನ ಮಕ್ಕಳಿಗೆ ಊಟ ಹಾಕ್ತಿರು ಅಕ್ಕಾ, ನಿನ್ನ ಬಿಟ್ರೆ ಇನ್ಯಾರ ಕೈಗೂ ಕೊಡೋ ಧೈರ್ಯ ನನಗಿಲ್ಲ, ಅಂದಳು. ನನ್ನ ಮಕ್ಕಳು. ಮುಚ್ಚಳದ ಮೇಲೆಲ್ಲ ಹಸಿರು ಶಾಯಿಯಲ್ಲಿ ಅವಳ ದುಂಡನೆ ಅಕ್ಷರ, ಪ್ರತಿ ಮುಚ್ಚಳದ ಮೇಲೂ ಒಂದೇ ಹೆಸರು, ಆಲ್ಬೆನಾ, ಆಲ್ಬೆನಾ, ಆಲ್ಬೆನಾ, ಪಕ್ಕದಲ್ಲಿ ಒಂದು ನಗುವ ಮುಖ.

ಹೆಸರು ಹಾಗೆ ಬರೆಯಲು ಕಾರಣವಿದೆ, ಕೋಶಗಳು ಅವಳವೇ, ಆಲ್ಬೆನಾಳವೇ, ಅವಳದೇ ಸೊಂಟದ ಮೂಳೆಯೊಳಗಿನಿಂದ ಹೀರಿ ತೆಗೆದ ಮಜ್ಜೆ. ಮಜ್ಜೆ ಕೊಡುತ್ತೇನೆಂದು ಒಪ್ಪಿಕೊಂಡು ಬಂದಿದ್ದ ವೈದ್ಯಕೀಯದ ವಿದ್ಯಾರ್ಥಿ, ಬೆಟ್ಟ ಕಡಿಯುವವನ ಹಾಗಿದ್ದ, ಸೂಜಿಯನ್ನು ನೋಡಿದ್ದೇ ತಡ ಸಿಗರೇಟು ಸೇದಿ ಬರ್ತೀನಿ ಅಂತ ಹೋದವನು ತಿರುಗಿ ಬರಲಿಲ್ಲ, ಎಲ್ಲ ಸಿದ್ಧವಾಗಿತ್ತು, ಕೋಶಗಳ ರೂಪ ಬದಲಿಸುವ ಬೆಲೆಬಾಳುವ ರಸಗಳನ್ನು ಕರಗಿಸಿಟ್ಟಾಗಿತ್ತು, ಕಲಿನಾ ಅಳುವ ಹಾಗಿದ್ದಳು, ಆಗ ಇವಳು ಕೋಟು ಬಿಚ್ಚಿ ಮೇಜಿನ ಮೇಲೆ ಬೋರಲು ಮಲಗಿದಳು, ಯಾಕೆ ಮಲಗಿದೆ, ಈಗಲೂ ಕೇಳಿಕೊಳ್ಳುತ್ತಾಳೆ. ಸೂಜಿ ಹಿಡಿದ ಡಾಕ್ಟರ್ ಮಾನೊಲ್ ಬೆವೆತುಹೋಗಿದ್ದ, ಏನ್ ತಾಯಿ ಇದು, ಮೂಳೆಯೋ ಕೋಟೆ ಗೋಡೆಯೋ, ನಿಮ್ಮ ಗಂಡ ಬಿಟ್ಟು ಓಡಿದ್ದು ಸುಮ್ಮನಲ್ಲ ಬಿಡಿ, ಅಂದಿದ್ದ, ಅವಳು ಮುಖ ದಿಂಬಿಗೆ ಒತ್ತಿಕೊಂಡೇ, ಓಡಿಲ್ಲಪ್ಪ, ನಾನೇ ಓಡಿಸ್ದೆ, ನೀನು ಸೂಜಿ ನೋಡ್ಕೋ, ಅಂದಿದ್ದಳು, ಎಲ್ಲರೂ ನಕ್ಕಿದ್ದರು, ಆಮೇಲೆ ಮಜ್ಜೆಯನ್ನು ಸಿರಿಂಜಿಗೆ ಎಳೆದುಕೊಂಡ ಆ ಗಳಿಗೆ — ಅದು ನೋವಲ್ಲ, ಚುಚ್ಚಿದ್ದು ನೋವು, ಇದು ಬೇರೆ, ಕಾಲಿನ ಹೆಬ್ಬೆರಳಿನಿಂದ ಏನನ್ನೋ ಬೇರುಸಮೇತ ಮೇಲಕ್ಕೆಳೆದ ಹಾಗೆ, ಇಷ್ಟು ಒಳಗೆ ತನ್ನನ್ನು ಯಾರೂ ಎಂದೂ ಮುಟ್ಟಿರಲಿಲ್ಲ ಅನ್ನಿಸಿತ್ತು. ಕಲಿನಾ ಉದ್ದಕ್ಕೂ ಕೈ ಹಿಡಿದುಕೊಂಡಿದ್ದಳು. ಅಲ್ಲಿಯವರೆಗೂ ನೀವು ಅನ್ನುತ್ತಿದ್ದವಳು ಅವತ್ತು ಚೀಸು ತುಂಬಿದ ಬಾನಿತ್ಸಾ ತಂದು ಬಿಸಿಬಿಸಿಯಾಗಿ ತುತ್ತು ಮುರಿದು ಬಾಯಿಗಿಡುತ್ತ, ತಿನ್ನು ಅಕ್ಕಾ, ನೀನು ಇವತ್ತು ನನ್ನ ಮಾನ ಉಳಿಸ್ದೆ, ಅಂದಳು, ಅಂದಿನಿಂದ ನೀನು. ಮಜ್ಜೆಯನ್ನು ಇಬ್ಬರೂ ಹಂಚಿಕೊಂಡರು, ಅರ್ಧ ಇವಳ ತಟ್ಟೆಗಳಿಗೆ, ಅರ್ಧ ಅವಳ ತಟ್ಟೆಗಳಿಗೆ, ಒಂದೇ ಕಾವುಪೆಟ್ಟಿಗೆ, ಒಂದೇ ದ್ರವ, ಒಂದೇ ಬಾಟಲಿಯ ರಸಗಳು.

ಮತ್ತೆ ಅಲ್ಲಿಗೇ ಬಂತು ಮನಸ್ಸು, ಹುಣ್ಣಿನ ಹತ್ತಿರ ನಾಲಿಗೆ ಹೋದ ಹಾಗೆ. ಒಂದೇ ಮೂಳೆಯ ಮಜ್ಜೆ, ಇವಳ ಕೈಯಲ್ಲಿ ಆಕರಕೋಶಗಳು, ಬೇರೆ ಅಂಗದ ಕೋಶಗಳಾಗಬಲ್ಲವು, ಆಕರಕೋಶಗಳಾಗಿಯೇ ಉಳಿದವು, ಉದ್ದುದ್ದ, ಕದಿರಿನ ಹಾಗೆ ತೆಳ್ಳಗೆ, ಮೀನಿನ ಹಿಂಡಿನ ಹಾಗೆ ಒಂದೇ ಕಡೆ ಮುಖ ಮಾಡಿಕೊಂಡು, ಯಾವ ರಸ ಉಣಿಸಿದರೂ ಮುಖ ತಿರುಗಿಸುವ ಹಟಮಾರಿಗಳು, ಕೊನೆಗೆ ಕೊಬ್ಬು ತುಂಬಿಕೊಂಡು ಒಡೆದು ಸತ್ತವು. ಅವಳ ಕೈಯಲ್ಲಿ ಅವು ಯಕೃತ್ತಾದವು. ಹೌದು, ಯಕೃತ್ತಿನ ಕೋಶಗಳೇ, ಉದ್ದನೆಯವು ಮೊಟಕಾಗಿ, ಮೂಲೆ ಮೂಲೆಯಾಗಿ, ಹಳೆಯ ಪೇಟೆಯ ಬೀದಿಗೆ ಹಾಸಿದ ಕಲ್ಲುಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ಕೂತು, ಸಕ್ಕರೆಯನ್ನು ಕೂಡಿಟ್ಟುಕೊಂಡು, ರಕ್ತಕ್ಕೆ ಬೇಕಾದ ಅಲ್ಬುಮಿನ್ ಕಾರಿ, ಮೇಲಿನ ವಾರ್ಡಿನಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಮಲಗಿರುವವರ ಯಕೃತ್ತು ಮಾಡಲಾರದ ಕೆಲಸವನ್ನು ಬೆರಳಗಲದ ತಟ್ಟೆಯಲ್ಲಿ ಮಾಡತೊಡಗಿದವು. ಹೇಗೆ, ಅಂದರೆ ಸೋಮಾರಿತನದಿಂದ, ಅದನ್ನು ಹೇಳಿಕೊಂಡು ನಗುತ್ತಾಳೆ ಬೇರೆ. ಜನವರಿಯಲ್ಲಿ ಸಂತ ಇವಾನನ ಹಬ್ಬ, ಅವಳ ಅಪ್ಪ ಇವಾನ್, ಚಿಕ್ಕಪ್ಪ ಇವಾನ್, ಅಣ್ಣನೂ ಇವಾನ್, ಹೆಸರಿನ ಹಬ್ಬಕ್ಕೆಂದು ಊರಿಗೆ ಹೋದವಳು ರಾಕಿಯಾ, ಹಂದಿ, ಕುಣಿತ ಅಂತ ವಾರವಿಡೀ ಕೂತಳು, ಕೋಶಗಳನ್ನು ಸರಿಯಾದ ಸಮಯಕ್ಕೆ ಬಿಡಿಸಿ ಬೇರೆ ಬೇರೆ ತಟ್ಟೆಗೆ ಹಾಕಲೇ ಇಲ್ಲ, ಅವು ಕಿಕ್ಕಿರಿದು ಒಂದರ ಮೇಲೊಂದು ಬಿದ್ದವು, ಮನೇಲಿ ಅಷ್ಟು ಇವಾನ್‌ಗಳಿದ್ರೆ ನಾನೇನ್ ಮಾಡ್ಲಿ ಅಕ್ಕಾ, ಎಲ್ಲರಿಗೂ ಒಂದೊಂದು ಗ್ಲಾಸ್ ಎತ್ತಲೇಬೇಕಲ್ಲ, ಅಂತ ತಪ್ಪಿತಸ್ಥ ಮುಖ ಮಾಡಿಕೊಂಡು ಬಂದವಳು ಆ ಗುಂಪಿನ ಮೇಲೇ ರಸ ಹಾಕಿದಳು, ಅವು ತಿರುಗಿದವು. ಆಲ್ಬೆನಾ ಇಡೀ ಜೀವಮಾನ ಒಂದು ದಿನ ತಪ್ಪದೆ ಬಿಡಿಸಿದವಳು. ಹೊಸ ವರ್ಷದ ದಿನವೂ ಬಂದು ಬಿಡಿಸಿದವಳು. ಅಮ್ಮ ಸತ್ತ ದಿನ ಮಣ್ಣು ಮಾಡಿ ಬಂದು, ಕಪ್ಪು ಬಟ್ಟೆಯ ಮೇಲೇ ಬಿಳಿ ಕೋಟು ಹಾಕಿಕೊಂಡು ಬಿಡಿಸಿದವಳು.

ಆಮೇಲೆ ಅವಳೂ ತನ್ನ ಅರ್ಧದಲ್ಲಿ ಹೆಪ್ಪುಗಟ್ಟಿಸಿ ಉಳಿಸಿಟ್ಟಿದ್ದನ್ನು ಯಾರಿಗೂ ಹೇಳದೆ ಕಿಕ್ಕಿರಿಯಲು ಬಿಟ್ಟಳು, ಕದ್ದು, ತನ್ನ ಕೋಶಗಳ ವಿಷಯದಲ್ಲಿ ತಾನೇ ಕಳ್ಳಿಯಾಗಿ, ಅದೇ ರಸ ಹಾಕಿದಳು, ಆಗಲಿಲ್ಲ. ಅದೇ ಅಳತೆ, ಅದೇ ಕಾವು. ಆಗಲಿಲ್ಲ. ಕೈಗುಣ ಕಣಮ್ಮ, ಆ ಹುಡುಗಿಗೆ ಕೈಗುಣ ಇದೆ, ಎಂದರು ಪ್ರೊಫೆಸರ್ ವೆಲಿಕೊವ್, ಕಾಫಿ ಯಂತ್ರದ ಹತ್ತಿರ ನಿಂತುಕೊಂಡು, ಅವಳ ಭುಜ ತಟ್ಟುತ್ತ, ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡೇ. ಈ ಮಾತನ್ನು ಅವರು ಮೊದಲು ಹೇಳಿದ್ದು ಆಲ್ಬೆನಾಳಿಗೆ. ಆಗ ಅವರ ತಲೆತುಂಬ ಕೂದಲಿತ್ತು, ಅವಳ ಜಡೆ ಸೊಂಟದವರೆಗೆ ಇತ್ತು, ಈ ದೇಶದಲ್ಲಿ ಸರಿಯಾಗಿ ಕರೆಂಟೂ ಇರಲಿಲ್ಲ, ಮೇಣದ ಬತ್ತಿಯ ಬೆಳಕಿನಲ್ಲಿ ತಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆಗೊತ್ತಿಕೊಂಡು ಕಾವು ಕೊಟ್ಟಿದ್ದಳು, ಈ ಹುಡುಗಿಗೆ ಕೈಗುಣ ಇದೆ ಅಂತ ಎಲ್ಲರೆದುರು ಅಂದಿದ್ದರು, ಆ ಒಂದು ಮಾತನ್ನು ಅವಳು ಇಷ್ಟು ವರ್ಷ ಅಮ್ಮನ ಮದುವೆಯ ಶಾಲಿನ ಹಾಗೆ ಮಡಿಸಿ ಇಟ್ಟುಕೊಂಡಿದ್ದಳು, ಅವರು ಅದನ್ನೇ ಎತ್ತಿ ಇನ್ನೊಬ್ಬಳಿಗೆ ಹೊದಿಸಿದರು, ಯಾರದು ಅಂತಲೂ ಮರೆತು. ಅವಳು ಈ ಕೆಲಸಕ್ಕೆ ಬಂದಿದ್ದು ಅಪ್ಪನ ಕಣ್ಣಿನ ಹಳದಿ ನೋಡಿ. ಕಲಿನಾ ಬಂದಿದ್ದು ಖಾಲಿ ಜಾಗ ಇದೆಯೆಂದು. ಈಗ ಮಿಲಾನಿನವರು ನಾಳೆ ಬೆಳಗ್ಗೆ ಈ ತಟ್ಟೆಗಳನ್ನು ಕಣ್ಣಾರೆ ನೋಡುತ್ತಾರೆ, ಮೆಚ್ಚಿದರೆ ಕಲಿನಾಳನ್ನು ಕೋಶಗಳ ಸಮೇತ ಕರೆದುಕೊಂಡು ಹೋಗುತ್ತಾರೆ, ಆಲ್ಬೆನಾಳ ಮಜ್ಜೆ ಮಿಲಾನ್ ನೋಡುತ್ತದೆ, ಆಲ್ಬೆನಾ ನೋಡಿಲ್ಲ. ಒಂದೇ ಒಂದು ತೊಡಕು, ಅವರು ಹೊಸ ಮಜ್ಜೆಯಲ್ಲಿ ಇನ್ನೊಮ್ಮೆ ಮಾಡಿ ತೋರಿಸು ಎನ್ನುತ್ತಿದ್ದಾರೆ, ಕಲಿನಾಗೆ ಹೊಸ ಮಜ್ಜೆಯೂ ಇದೇ ಮೂಳೆಯದೇ ಬೇಕು, ಬೇರೆಯವರದ್ದು ಮುಟ್ಟಲು ಹೆದರುತ್ತಾಳೆ, ಹೋದ ವಾರದಿಂದ ಕೇಳುತ್ತಿದ್ದಾಳೆ, ಇನ್ನೊಂದ್ಸಲ ಮಲಗ್ತೀಯಾ ಅಕ್ಕಾ, ಈ ಸಲ ಎಡಗಡೆ, ಮಾನೊಲ್‌ಗೆ ಹೇಳಿ ನೋವಾಗದ ಹಾಗೆ ಮಾಡಿಸ್ತೀನಿ, ಮಜ್ಜೆ ಅಂದರೆ ಹಿತ್ತಲಿನ ಕೊತ್ತಂಬರಿ ಅಂದುಕೊಂಡಿದ್ದಾಳೆ, ಚಿವುಟಿದರೆ ಮತ್ತೆ ಚಿಗುರುತ್ತದೆ. ಚಿಗುರುತ್ತದೆ, ಅದು ನಿಜವೇ.

ಮುಂದಿನ ತಟ್ಟೆ. ಎತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು, ಊಟಕ್ಕೆ ಮುಂಚೆ ಪ್ರತಿಯೊಂದನ್ನೂ ನೋಡುವುದು ಅವಳ ಅಭ್ಯಾಸ, ನೋಡದೆಯೂ ಹಾಕಬಹುದು, ಆದರೆ ನೋಡುತ್ತಾಳೆ, ಪರರ ಮನೆಯಲ್ಲಿ ಬೆಳೆಯುತ್ತಿರುವ ಮಗಳನ್ನು ಕಿಟಕಿಯಿಂದ ಇಣುಕುವ ಹಾಗೆ, ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಏನೋ ಹೊತ್ತಿಕೊಳ್ಳುತ್ತದೆ, ಎಷ್ಟು ಚೆಂದವಾಗಿವೆ, ದುಂಡನೆ ಹೊಳೆಯುವ ಕೋಶಕೇಂದ್ರ, ಕೆಲವಕ್ಕೆ ಎರಡೆರಡು, ಥೇಟ್ ಯಕೃತ್ತು, ಇವು ನನ್ನವು, ನನ್ನ ಮೂಳೆಯ ಉಪ್ಪು ತಿಂದು ಬೆಳೆದವು, ನನಗೆ ಹೀಗೆ ಮುಖ ತೋರಿಸಲಿಲ್ಲವಲ್ಲ, ಅವಳು ಕರೆದ ಕೂಡಲೇ ಎದ್ದು ಕುಣಿದವಲ್ಲ — ತಟ್ಟೆಯನ್ನು ಬಲಕ್ಕೆ ಸರಿಸಿದಳು, ಕೈ ನಿಂತಿತು. ಒಂದು ಎಳೆ. ಕೆಂಪು. ಕಲ್ಲುಹಾಸಿನ ಬೀದಿಗೆ ಅಡ್ಡ ಬಿದ್ದ ಹಗ್ಗದ ಹಾಗೆ, ಕೋಶಗಳ ಮೇಲೆ, ಉಣ್ಣೆಯ ಎಳೆ, ಅದರ ಮೈಯೆಲ್ಲ ಸಿಬಿರು, ಸಿಬಿರಿನ ಗಂಟಿನಿಂದ ಬೆಳ್ಳಗೆ, ಸಣ್ಣಗೆ, ಕವಲೊಡೆದು, ಕವಲಿಗೆ ಕವಲೊಡೆದು — ಬೂಷ್ಟು. ಕಣ್ಣು ತೆಗೆದು ಬರಿಗಣ್ಣಲ್ಲಿ ನೋಡಿದರೆ ಏನೂ ಇಲ್ಲ, ಗುಲಾಬಿ ದ್ರವದಲ್ಲಿ ಒಂದು ಕೂದಲಿನ ನೆರಳು, ಅದರ ತುದಿಗೆ ಅಕ್ಕಿ ನುಚ್ಚಿನಷ್ಟು ಹತ್ತಿ. ಮತ್ತೆ ಕಣ್ಣಿಟ್ಟಳು. ಕೆಂಪು ಎಳೆ. ಮಾರ್ತೆನಿತ್ಸಾದ ಎಳೆ, ಬೇರೆ ಯಾವುದಾಗಲು ಸಾಧ್ಯ, ಮಾರ್ಚ್ ಒಂದರಿಂದ ಈ ಊರಿನಲ್ಲಿ ಕೈಗೆ ಕೆಂಪು ಬಿಳಿ ದಾರ ಕಟ್ಟಿಕೊಳ್ಳದವರು ಯಾರಿದ್ದಾರೆ, ಕೊಕ್ಕರೆ ಕಾಣುವವರೆಗೆ, ಇಲ್ಲವೇ ಮರ ಹೂ ಬಿಡುವವರೆಗೆ, ಬಿಚ್ಚುವ ಹಾಗಿಲ್ಲ, ಅದಕ್ಕೇ ಈ ಕೋಣೆಯ ಬಾಗಿಲ ಹೊರಗೆ ಅವಳೇ ಗೂಟ ಹೊಡೆಸಿದ್ದು, ಎಲ್ಲರೂ ದಾರ ಬಿಚ್ಚಿ ಆ ಗೂಟಕ್ಕೆ ಸಿಕ್ಕಿಸಿ ಒಳಗೆ ಬರಬೇಕು, ಕೈಯಿಂದ ಬಿಚ್ಚಿದರೆ ವರ್ಷವಿಡೀ ಕೆಡುಕು ಅಂತ ಅತ್ತವರಿದ್ದಾರೆ, ಪಾಪದ ಹುಡುಗಿಯರು, ಅವಳು ಕೇಳಿಲ್ಲ, ನಿಮ್ಮ ವರ್ಷ ಕೆಡ್ಲಿ, ನನ್ನ ತಟ್ಟೆ ಕೆಡಬಾರ್ದು, ಬಿಚ್ಚಿ, ಅಂದಿದ್ದಾಳೆ. ಆಲ್ಬೆನಾಳ ಗಲ್ಲುಗಂಬ ಅಂತಲೇ ಆ ಗೂಟಕ್ಕೆ ಹೆಸರು.

ಸಿಕ್ಕಿಬಿದ್ದಳು. ಮೊದಲು ಬಂದದ್ದು ಇದೇ ಮಾತು, ಎಷ್ಟು ಸಿಹಿಯಾಗಿ ಬಂತೆಂದರೆ ನಾಲಿಗೆಯ ಮೇಲೆ ಜೇನು ಸವರಿದ ಹಾಗೆ. ಸಿಕ್ಕಿಬಿದ್ದಳು ಕೈಗುಣದವಳು, ಗೂಟಕ್ಕೆ ಸಿಕ್ಕಿಸದೆ ಗವಸಿನೊಳಗೆ ತುರುಕಿಕೊಂಡು ಬಂದಿದ್ದಾಳೆ, ಇಲ್ಲದಿದ್ದರೆ ಇದು ಎಲ್ಲಿಂದ, ನಾಳೆ ಬೆಳಗ್ಗೆ ಮಿಲಾನಿನವರು ಕಣ್ಣಿಟ್ಟು ನೋಡುತ್ತಾರೆ, ಕೋಶ ಕಾಣುವ ಮೊದಲು ಹಗ್ಗ ಕಾಣುತ್ತದೆ, ಪ್ರೊಫೆಸರ್ ವೆಲಿಕೊವ್ ಮುಖ, ಆ ಮುಖವನ್ನು ನೋಡಬೇಕು. ಅಥವಾ ನಾಳೆಯವರೆಗೆ ಯಾಕೆ, ಈಗಲೇ ಫೋನು ಮಾಡಿ ಹೇಳಬಹುದು, ಕಾರಿನಲ್ಲಿ ಎಲ್ಲರೆದುರು. ಅಥವಾ — ಇಲ್ಲಿ ಯೋಚನೆ ಸದ್ದಿಲ್ಲದೆ ಬೆಕ್ಕಿನ ಹೆಜ್ಜೆ ಇಟ್ಟಿತು — ಅಥವಾ ಏನೂ ಮಾಡಬೇಕಿಲ್ಲ. ಮುಚ್ಚಳ ಮುಚ್ಚಿ, ತಟ್ಟೆಯನ್ನು ಎಲ್ಲಿತ್ತೋ ಅಲ್ಲಿಗೇ, ಬೆಚ್ಚಗಿನ ಕಾವುಪೆಟ್ಟಿಗೆಯೊಳಗೆ ಉಳಿದವುಗಳ ನಡುವೆ ಇಟ್ಟು ಬಾಗಿಲು ಹಾಕಿದರೆ ಮುಗಿಯಿತು, ಒಳಗಿನ ಫ್ಯಾನೇ ಬೀಜವನ್ನು ಮನೆಮನೆಗೂ ಹಂಚುತ್ತದೆ, ವಾರದೊಳಗೆ ಒಂದು ತಟ್ಟೆಯೂ ಉಳಿಯುವುದಿಲ್ಲ, ಹಸಿರು ಶಾಯಿಯ ನಗುವ ಮುಖಗಳಿಗೆಲ್ಲ ಬಿಳಿ ಗಡ್ಡ ಬರುತ್ತದೆ, ಯಾರ ತಪ್ಪು ಅಂತ ಯಾರೂ ಕೇಳುವುದಿಲ್ಲ, ಬೂಷ್ಟಿಗೆ ಯಾರ ತಪ್ಪು, ಗಾಳಿಯ ತಪ್ಪು, ಊಟ ಹಾಕಿದೆ, ಆಗ ಚೆನ್ನಾಗಿದ್ವಲ್ಲ, ಅಂದರೆ ಸಾಕು. ಆಮೇಲೆ ಅವಳಿಗೆ ಉಳಿಯುವುದು ಈ ಮೂಳೆ ಒಂದೇ, ಅದು ಕೊಡುವುದೂ ಬಿಡುವುದೂ ನನ್ನ ಕೈಯಲ್ಲಿ. ಎದೆ ಡವಡವ ಎನ್ನುತ್ತಿತ್ತು, ಸುಖವೋ ಭಯವೋ, ಚಿಕ್ಕಂದಿನಲ್ಲಿ ತಂಗಿಯ ಹೊಸ ಗೊಂಬೆಯನ್ನು ಮರಿತ್ಸಾ ನದಿಯ ಮೇಲೆ, ಸೇತುವೆಯ ಕಂಬಿಯಾಚೆ ಹಿಡಿದುಕೊಂಡು ನಿಂತಿದ್ದಳಲ್ಲ, ಬಿಟ್ಟಿರಲಿಲ್ಲ, ಬಿಡುತ್ತೇನೆ ಬಿಡುತ್ತೇನೆ ಎಂದು ಬೆರಳು ಸಡಿಲಿಸುತ್ತ ಬಿಗಿ ಮಾಡುತ್ತ, ಆ ಡವಡವ. ತಟ್ಟೆಗೆ ಮುಚ್ಚಳ ಹಾಕಿದಳು. ಕಾವುಪೆಟ್ಟಿಗೆಯ ಹಿಡಿಯ ಮೇಲೆ ಕೈ ಇಟ್ಟಳು, ಒಳಗಿನ ಬಿಸಿ ಗವಸಿನ ಮೂಲಕವೂ ತಾಗಿತು, ಬಾಣಂತಿಯ ಕೋಣೆಯ ಬಿಸಿ.

ಫೋನು. ಗೋಡೆಯ ಫೋನು, ಬೆಚ್ಚಿಬಿದ್ದಳು, ತಟ್ಟೆಯನ್ನು ಮೇಜಿನ ಮೇಲಿಟ್ಟು ಮೊಣಕೈಯಿಂದ ಗುಂಡಿ ಒತ್ತಿದಳು, ಕೋಣೆಯ ತುಂಬ ಹೆದ್ದಾರಿಯ ಗಾಳಿ, ಅದರೊಳಗೆ ಕಲಿನಾಳ ಕೂಗು, ಅಕ್ಕಾ, ಕೊಕ್ಕರೆ, ಕೊಕ್ಕರೆ ನೋಡ್ದೆ, ಹೊಲದಲ್ಲಿ, ಎರಡೆರಡು, ಪ್ರೊಫೆಸರ್‌ಗೆ ಮೊದಲು ಕಾಣ್ಲೇ ಇಲ್ಲ, ನಾನೇ ತೋರ್ಸಿದ್ದು. ಪಕ್ಕದಿಂದ ವೆಲಿಕೊವ್ ದನಿ, ಕಾಣ್ಲಿಲ್ಲ ಅನ್ಬೇಡ, ಕಾರು ಓಡಿಸ್ತಿದ್ದೀನಿ, ಕೊಕ್ಕರೆ ನೋಡ್ತಾ ಕೂತ್ರೆ ಎಲ್ಲರೂ ಹಳ್ಳದಲ್ಲಿರ್ತಿದ್ವಿ. ಯಾರೋ ಇಟಲಿಯವರು ನಕ್ಕರು, ಏನು ಅಂತ ಅರ್ಥವಾಗದೆಯೇ. ಕೇಳಿಸ್ತಿದ್ಯಾ ಅಕ್ಕಾ, ಎಂದಳು ಕಲಿನಾ, ನನ್ನ ಮಾರ್ತೆನಿತ್ಸಾ ಅಲ್ಲೇ ನಿನ್ನ ಗಲ್ಲುಗಂಬದ ಮೇಲಿದೆ ನೋಡು, ಒಂದನೇ ತಾರೀಖಿಂದ ಅಲ್ಲೇ ಇದೆ, ಸೋಫಿಯಾಕ್ಕೆ ಬರುವಾಗ್ಲೂ ಮರ್ತುಬಂದೆ, ಬಿಚ್ಚಿ ಅಂಗಳದ ಬಾದಾಮಿ ಗಿಡಕ್ಕೆ ಕಟ್ಬಿಡ್ತೀಯಾ, ಕೊಕ್ಕರೆ ನೋಡಾಯ್ತಲ್ಲ, ನನ್ನ ವರ್ಷ ಕೆಡೋ ಹಾಗಿಲ್ಲ. ಬಾಗಿಲ ಗಾಜಿನಾಚೆ ಗೂಟ. ಗೂಟದ ಮೇಲೆ ಕೆಂಪು ಬಿಳಿ ಕುಚ್ಚು, ಗಂಟು ಬಿಗಿಯಾಗಿ, ಒಂದೂ ಎಳೆ ಹೊರಬರದೆ. ಆಲ್ಬೆನಾಳ ಮಣಿಕಟ್ಟಿನ ಹತ್ತಿರ ತುರಿಕೆ, ದಿನಗಳಿಂದ ಇದೆ ಆ ತುರಿಕೆ, ಅಭ್ಯಾಸವಾಗಿ ಹೋಗಿದೆ, ಗವಸಿನ ಅಂಚನ್ನು ಇನ್ನೊಂದು ಕೈಯ ಬೆರಳಿನಿಂದ ಹಿಂದಕ್ಕೆ ಮಡಚಿದಳು, ಕೋಟಿನ ತೋಳಿನ ಬಾಯಿಯಿಂದ ಕೆಂಪು ಎಳೆಯೊಂದು ನಾಲಿಗೆಯ ಹಾಗೆ ಹೊರಗಿಣುಕಿತು. ಒಂದನೇ ತಾರೀಖು ಬೆಳಗ್ಗೆ, ಈ ಬಾಗಿಲ ಹೊರಗೆ, ಕಲಿನಾ ತಾನೇ ಹೊಸೆದ ದಾರ ಹಿಡಿದು ನಿಂತಿದ್ದಳು, ಬಾ ಇಲ್ಲಿ, ಕೈ ಕೊಡು, ನಿನಗೆ ಯಾರು ಕಟ್ತಾರೆ ನಾನಲ್ದೆ, ಅಂದಳು, ಅಮ್ಮ ಹೋದ ಮೇಲೆ ಯಾರೂ ಕಟ್ಟಿರಲಿಲ್ಲ, ಕಟ್ಟಿಸಿಕೊಂಡಳು, ಸರಿ ಸರಿ ಬಿಡು ಕೆಲಸ ಇದೆ ಎಂದು ಸಿಡುಕಿ ಒಳಗೆ ಬಂದಳು, ಗೂಟದ ಮುಂದೆ ಕೈ ಹೋಗಿತ್ತು, ಬಿಚ್ಚಲು, ಬಿಚ್ಚಲಿಲ್ಲ. ಮೇಲಕ್ಕೆ ಸರಿಸಿ ತೋಳಿನೊಳಗೆ ಮುಚ್ಚಿಕೊಂಡಳು. ಒಂದು ದಿನ ಇರಲಿ ಎಂದುಕೊಂಡಿದ್ದಳು. ಹಾಗಾದರೆ ಮೊನ್ನೆ ಊಟ ಹಾಕುವಾಗ ಈ ತಟ್ಟೆಯ ಮೇಲೆ ಬಾಗಿದ ಕೈ —

ನನ್ನ ಮಕ್ಕಳು ಹೇಗಿದಾರೆ ಅಕ್ಕಾ, ಎಂದಳು ಕಲಿನಾ. ಒಂದು ತಟ್ಟೆ ಕೈಜಾರಿ ಬಿತ್ತು, ಎಂದಿತು ಆಲ್ಬೆನಾಳ ಬಾಯಿ, ಅವಳನ್ನು ಕೇಳದೆಯೇ, ಉಳಿದವು ಚೆನ್ನಾಗಿದಾವೆ. ಅಯ್ಯೋ, ನಿನ್ನ ಕೈಯಿಂದಾನಾ. ಹೂಂ, ನನ್ನ ಕೈಯಿಂದ್ಲೇ. ಪಕ್ಕದಿಂದ ವೆಲಿಕೊವ್, ನಮ್ಮ ಆಲ್ಬೆನಾಗೂ ವಯಸ್ಸಾಯ್ತು ನೋಡಪ್ಪ, ಅಂತೂ ಒಂದು ದಿನ ನೋಡ್ದಂಗಾಯ್ತು, ಅಂತ ನಕ್ಕರು, ಪ್ರೀತಿಯಿಂದಲೇ ನಕ್ಕರು, ಅದು ಚುಚ್ಚಿತು, ಚುಚ್ಚಲಿ, ಬಡ್ಡಿ ಸಮೇತ ಚುಚ್ಚಲಿ. ಸುಮ್ನಿರಿ ಪ್ರೊಫೆಸರ್, ಎಂದು ಕಲಿನಾ ಅವರನ್ನು ಗದರಿ, ದನಿ ತಗ್ಗಿಸಿದಳು, ಹೋದ್ರೆ ಹೋಗ್ಲಿ ಅಕ್ಕಾ, ಬೇಜಾರ್ ಮಾಡ್ಕೋಬೇಡ, ಉಳಿದವು ಇದಾವಲ್ಲ, ಅಲ್ದೆ ಎಲ್ಲಾ ಹೋದ್ರೂ ನನಗೇನ್ ಭಯ, ನೀನೇ ಇದೀಯಲ್ಲ. ನೀನೇ ಇದೀಯಲ್ಲ. ಸಮಾಧಾನ ಮಾಡುತ್ತಿದ್ದಾಳೆ, ಮುದ್ದಾಗಿಯೇ ಹೇಳುತ್ತಿದ್ದಾಳೆ, ಕಣಜವಿರುವಾಗ ಮಡಕೆಯ ಅಕ್ಕಿ ಚೆಲ್ಲಿದರೆ ಏನಂತೆ ಅನ್ನುವ ಹಾಗೆ, ಕಣಜ ಈ ಕಡೆ ಗವಸು ಮಡಚಿಕೊಂಡು ನಿಂತಿದೆ. ಗುರುವಾರ ಮಾನೊಲ್‌ಗೆ ಬಿಡುವಿದೆಯಂತೆ, ಹೂಂ ಅನ್ಲಾ ಅಕ್ಕಾ, ಇವರಿಗೆ ಈಗ್ಲೇ ಹೇಳಿದ್ರೆ ಖುಷಿಯಾಗುತ್ತೆ. ನೋಡೋಣ, ಎಂದಳು ಆಲ್ಬೆನಾ. ನೋಡೋಣ ಅಂದ್ರೆ ಹೂಂ ಅಂತಾನೇ, ನನಗೆ ಗೊತ್ತು, ಎಂದು ಕಲಿನಾ ನಗುತ್ತ ಫೋನು ಇಟ್ಟಳು, ಹೆದ್ದಾರಿ ನಿಂತಿತು, ಗೂಡಿನ ಫ್ಯಾನು ಒಂದೇ ಗುಂಯ್.

ಹೊರಗೆ ಹೋದಳು. ಹಲ್ಲಿನಿಂದ ಗಂಟು ಬಿಚ್ಚಿ, ದಾರವನ್ನು ಗೂಟಕ್ಕಲ್ಲ, ಪರ್ಸಿನ ಒಳಜೇಬಿಗೆ ಹಾಕಿದಳು, ಕೊಕ್ಕರೆ ಅವಳಿಗಿನ್ನೂ ಕಂಡಿಲ್ಲ. ಮೊಣಕೈವರೆಗೆ ಉಜ್ಜಿ ತೊಳೆದಳು, ಹೊಸ ಗವಸು, ಹೊಸ ಕೋಟು, ಒಳಗೆ ಬಂದು ಉಳಿದ ತಟ್ಟೆಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡ ಹಾಗೆ ನೋಡಿದಳು, ಮೂಲೆ ಮೂಲೆ, ಬೀದಿ ಬೀದಿ, ಎಲ್ಲೂ ಇಲ್ಲ, ಬೂಷ್ಟು ಕೊಲ್ಲುವ ಮದ್ದು ಬೆರೆಸಿದ ಊಟ ಹಾಕಿದಳು, ಈ ಪೆಟ್ಟಿಗೆಯಲ್ಲಿ ಬೇಡ ಎಂದು ಖಾಲಿಯಿದ್ದ ಇನ್ನೊಂದಕ್ಕೆ ಸಾಗಿಸಿದಳು, ಇದನ್ನು ಸ್ಪಿರಿಟ್ಟಿನಿಂದ ಗೋಡೆ, ಅರೆ, ಹಿಡಿ ಎಲ್ಲ ಒರೆಸಿದಳು. ಯಾಕೆ ಉಳಿಸುತ್ತಿದ್ದೇನೆ. ಪ್ರೀತಿ ಅಂತ ಯಾರಾದರೂ ಅಂದರೆ ಕಪಾಳಕ್ಕೆ ಬಿಡುತ್ತಾಳೆ. ನನ್ನವು, ಅದಕ್ಕೆ, ನಾನು ಕೊಳೆಯುವುದನ್ನು ನಾನೇ ನಿಂತು ನೋಡಲೇ, ಅದೂ ನನ್ನ ಕೈಯಿಂದಲೇ, ಅವಳು ಕಟ್ಟಿದ ದಾರದಿಂದ, ಅವಳು ಕಟ್ಟಿದ್ದನ್ನು ಬಿಚ್ಚಲಾರದೆ ಹೋದೆನಲ್ಲ ಆ ಪೆದ್ದುತನದಿಂದ. ಹೊಟ್ಟೆಯೊಳಗಿನ ಬೆಂಕಿ ಆರಿಲ್ಲ, ಒಂದಿಷ್ಟೂ ಆರಿಲ್ಲ, ಮುಟ್ಟಿ ನೋಡಿಕೊಂಡಳು, ಹಾಗೇ ಇದೆ. ಗುರುವಾರ. ಬೋರಲು ಮಲಗಿ, ಎಡಗಡೆ, ಬೇರುಸಮೇತ ಎಳೆದ ಹಾಗೆ. ಇಲ್ಲ. ಮಲಗುವುದಿಲ್ಲ. ಮಾತು ಎಲ್ಲಿಂದಲೋ ಬರಲಿಲ್ಲ, ಮೊದಲೇ ಬಂದು ಕೂತಿದ್ದು ಈಗ ಕಂಡಿತು. ಸೊಂಟ ನೋಯುತ್ತಿದೆ ಅಂದರಾಯಿತು, ಈ ವಯಸ್ಸಿನ ಹೆಂಗಸಿನ ಸೊಂಟದ ನೋವನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಬೇರೆಯವರ ಮೂಳೆ ಹುಡುಕಲಿ, ಸಿಗರೇಟಿನ ಹುಡುಗನನ್ನೇ ಹಿಡಿದು ತರಲಿ, ಅದರಲ್ಲಿ ಮಾಡಿ ತೋರಿಸಲಿ, ತೋರಿಸಲೇಬೇಕು ತಾನೇ, ಒಬ್ಬಳ ಮಜ್ಜೆಯಲ್ಲಿ ಮಾತ್ರ ಆಗುವುದು ಯಾವ ರೋಗಿಗೂ ಮದ್ದಾಗುವುದಿಲ್ಲ, ತಲೆಯಿರುವ ಯಾರಾದರೂ ಕೇಳಬೇಕಾದ ಮಾತೇ ಇದು, ವೆಲಿಕೊವ್ ಕೇಳಬೇಕಿತ್ತು, ಖುಷಿಯಲ್ಲಿ ಮರೆತರು. ಅವಳ ಹೊಟ್ಟೆಕಿಚ್ಚು ಬೇಡುವುದನ್ನೇ ಕೆಲಸವೂ ಬೇಡುತ್ತಿದೆ, ಎರಡನ್ನೂ ಬೇರೆ ಬೇರೆ ಮಾಡಲು ಹೋದಳು, ಬಿಡಿಸಲು, ಬಿಡಿಸಿ ಬಿಡಿಸಿ ಪಳಗಿದ ಕೈ, ಬರಲಿಲ್ಲ. ಇನ್ನೊಬ್ಬರ ಮಜ್ಜೆಯೂ ಕಲಿನಾಳ ಕೈಯಲ್ಲಿ ತಿರುಗಿದರೆ ಗುಣ ಕೈಯದು, ಒಪ್ಪಿಕೊಳ್ಳುತ್ತೇನೆ, ಕಾಫಿ ಯಂತ್ರದ ಮುಂದೆ ನಿಂತು ನಾನೇ ಅನ್ನುತ್ತೇನೆ. ತಿರುಗದಿದ್ದರೆ ಗುಣ ಮೂಳೆಯದು, ನನ್ನದು —

ಯಾರಿಗೂ ಹೇಳಬೇಕಾಗಿಲ್ಲ. ಬೂಷ್ಟಿನ ತಟ್ಟೆ ಒಂದೇ ಉಳಿದಿತ್ತು, ಬ್ಲೀಚ್ ಸುರಿದಳು, ಗುಲಾಬಿ ಬಣ್ಣ ಕಣ್ಣೆದುರೇ ಹಾರಿಹೋಯಿತು, ವಾಸನೆ ಮೂಗಿಗೆ ಅಡರಿತು, ಬಿಳಿ ಹತ್ತಿ ಕುಸಿಯಿತು, ಕೋಶಗಳು, ಅವಳವು, ಅಕ್ಕಪಕ್ಕ ಒತ್ತಿಕೊಂಡು ಕೂತಿದ್ದವು, ತಳದಿಂದ ಪೊರೆಯ ಹಾಗೆ ಬಿಟ್ಟುಕೊಂಡು ಎದ್ದು, ಚೂರಾಗಿ, ಮಂಜಾಗಿ, ಏನೂ ಇಲ್ಲದಾದವು, ಇನ್ನೇನು ಎತ್ತಿ ಚೆಲ್ಲಬೇಕು, ಚೆಲ್ಲದೆ ಬಾಗಿ ನೋಡುತ್ತಾಳೆ, ನೀರಿನಂಥ ನೀರು, ಅದರ ನಡುವೆ ಆ ಎಳೆ, ಬಣ್ಣ ಬಿಡಬೇಕಿತ್ತು ಇಷ್ಟು ಹೊತ್ತಿಗೆ, ತಟ್ಟೆಯನ್ನು ಅಲ್ಲಾಡಿಸಿದಳು, ಎಳೆ ಮೆಲ್ಲನೆ ಅರ್ಧ ಸುತ್ತು ತಿರುಗಿ ನಿಂತಿತು, ಇನ್ನೂ ಕೆಂಪು.